ರುಮಾಲೆಯವರು ಕಂಡ ನಾಡು

ನಮ್ಮ ನಾಡಿನ ಹಿರಿಯ ಚಿತ್ರಕಾರರು ಯಾರೆಂದು ಕಾಲೇಜಿನ ವಿದ್ಯಾರ್ಥಿಗಳನ್ನು ಕೇಳಿದರೆ ಕೆ. ವೆಂಕಟಪ್ಪನವರ ಹೆಸರು ಬಂದೀತು, ಕೆ. ಕೆ. ಹೆಬ್ಬಾರರ ಹೆಸರೂ ಬಂದೀತು. ರುಮಾಲೆ ಚೆನ್ನಬಸವಯ್ಯನವರ ಹೆಸರನ್ನು ಹೇಳುವವರು ಅಪರೂಪ. ಅದರಲ್ಲಿಯೂ ಮಾರತ್ತಹಳ್ಳಿ, ವೈಟ್‌ಫೀಲ್ಡ್‌ಗಳಂಥ ಹೊರವಲಯದಲ್ಲಿ ಈಚೆಗೆ ಬಂದು ನೆಲೆನಿಂತವರಿಗೆ, ಈ ಊರಿನ ಹೂಮರಗಳನ್ನು ಕಾಲು ಶತಮಾನದಷ್ಟು ಕಾಲ ಬಿಡದೆ ಚಿತ್ರಿಸಿದ ಒಬ್ಬ ಕಲಾವಿದರಿದ್ದರೆಂಬ ಸಂಗತಿಯೇ ತಿಳಿದಂತಿಲ್ಲ. ಶಿಶಿರ ಕಳೆಯುವ ಹೊತ್ತಿಗೆ ಟಬೆಬುಯ ಮರವು ಎಲೆಯನ್ನೆಲ್ಲ ಕಳಚಿ ಗುಲಾಬಿಯ ಮೋಡವಾಗಿ ನಿಲ್ಲುತ್ತದೆ. ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡವರು ಕಿಟಕಿಯಿಂದ ಕೈ ಚಾಚಿ ಅದರ ಫೋಟೋ ತೆಗೆಯುತ್ತಾರೆ. ಸಾಲು ಮುಂದೆ ಸರಿಯುತ್ತದೆ. ರುಮಾಲೆಯವರು ಅಂಥ ಮರದ ಎದುರಿಗೆ ಬಣ್ಣದ ಪೆಟ್ಟಿಗೆಯನ್ನು ಬಿಚ್ಚಿ, ಬೆಳಕು ಬದಲಾಗುವವರೆಗೆ ನಿಂತರು. ನೋಡುವುದಕ್ಕೂ ನೋಡುತ್ತ ನಿಲ್ಲುವುದಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಅವರ ಚಿತ್ರಗಳ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ಬಲ್ಲವರು ಕಡಮೆಯಾಗುತ್ತಿರುವುದರಿಂದ ಒಂದೆರಡು ಮಾತು ಹೇಳಬೇಕಾಗಿದೆ.

ರುಮಾಲೆಯವರು ದೊಡ್ಡಬಳ್ಳಾಪುರದವರು, 1910ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಎ. ಎನ್. ಸುಬ್ಬರಾಯರು 1919ರಲ್ಲಿ ಆರಂಭಿಸಿದ ಕಲಾಮಂದಿರದಲ್ಲಿಯೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಆ ಮೇಲಿನ ಕಥೆ ಕಲಾವಿದನ ಕಥೆಯಂತೆ ನಡೆಯುವುದಿಲ್ಲ. ಸ್ವಾತಂತ್ರ್ಯ ಚಳವಳಿ ಅವರನ್ನು ಸೆಳೆದುಕೊಂಡಿತು. ಡಾಕ್ಟರ್ ಹರ್ಡೀಕರರು 1923ರಲ್ಲಿ ಕಟ್ಟಿದ ಸೇವಾದಳದಲ್ಲಿ ದುಡಿದರು, ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ವಿಧಾನ ಪರಿಷತ್ತಿನ ಸದಸ್ಯರಾದರು, ಪಿ. ಆರ್. ರಾಮಯ್ಯನವರು ಬೆಳೆಸಿದ್ದ ‘ತಾಯಿನಾಡು’ ದಿನಪತ್ರಿಕೆಯ ಸಂಪಾದಕರಾದರು. ಕುಂಚ ಹಿಡಿಯಬೇಕಾಗಿದ್ದ ಕೈ ಬಾವುಟವನ್ನೂ ಲೇಖನಿಯನ್ನೂ ಹಿಡಿಯುವುದರಲ್ಲಿಯೇ ಯೌವನವೆಲ್ಲ ಕಳೆಯಿತು. ಅವರು ಮತ್ತೆ ಚಿತ್ರಕಲೆಗೆ ಪೂರ್ಣವಾಗಿ ಮರಳಿದ್ದು ಐವತ್ತು ದಾಟಿದ ಮೇಲೆ, 1960ರ ದಶಕದಲ್ಲಿ. ಸಾಮಾನ್ಯರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು ಅದು.

ಇದನ್ನು ಎರಡು ಬಾಳುಗಳೆಂದು ವಿಂಗಡಿಸಿ, ಮೊದಲನೆಯದು ದೇಶಕ್ಕೆ, ಎರಡನೆಯದು ತನಗೆ ಎಂದು ಹೇಳುವ ರೂಢಿಯಿದೆ. ರಾಜಕಾರಣದಿಂದ ಬೇಸತ್ತವರು ಹೂವಿನ ಕಡೆಗೆ ತಿರುಗಿದರೆಂಬ ಭಾವ ಅದರ ಹಿಂದೆ ಇರುತ್ತದೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ‘ತಾಯಿನಾಡು’ ಎಂಬ ಪದವನ್ನು ದಿನವೂ ಪತ್ರಿಕೆಯ ನೆತ್ತಿಯ ಮೇಲೆ ಅಚ್ಚು ಹಾಕಿಸಿದವರು ಅವರು. ಘೋಷಣೆಯಲ್ಲಿ, ಸಂಪಾದಕೀಯದಲ್ಲಿ, ಸಭೆಯ ನಿರ್ಣಯದಲ್ಲಿ ನಾಡು ಎಂಬುದು ಒಂದು ಶಬ್ದ. ಅದಕ್ಕೆ ಇಂಥ ಮರ, ಇಂಥ ತಿರುವು, ಇಂಥ ಹೊತ್ತಿನ ನೆರಳು ಎಂಬ ಗೊತ್ತಿಲ್ಲ. ಆ ಶಬ್ದಕ್ಕೆ ಮೈ ಕೊಡಲು ಹೊರಟವರಂತೆ ರುಮಾಲೆಯವರು ಬಯಲಿಗೆ ಬಂದರು. ಅವರು ಬಿಟ್ಟದ್ದು ಸಭಾಂಗಣವನ್ನು, ನಾಡನ್ನಲ್ಲ.

ಇಲ್ಲಿ ಒಂದು ಪದದ ವಿಚಾರ ಮಾಡಬೇಕು. ನಾವು ಈ ಬಗೆಯ ಚಿತ್ರವನ್ನು ಭೂದೃಶ್ಯ, ನಿಸರ್ಗಚಿತ್ರ, ಪ್ರಕೃತಿಚಿತ್ರ ಎಂದು ಕರೆಯುತ್ತೇವೆ. ಮೂರೂ ಸಂಸ್ಕೃತದ ಸಮಾಸಗಳು. ಮೂರರಲ್ಲಿಯೂ ಮನುಷ್ಯನ ಕೈ ಕಾಣುವುದಿಲ್ಲ. ಇಂಗ್ಲಿಷಿನವರು ಇದಕ್ಕೆ ಬಳಸುವ ‘ಲ್ಯಾಂಡ್‌ಸ್ಕೇಪ್’ ಎಂಬ ಮಾತು ಡಚ್ ಭಾಷೆಯಿಂದ, ಚಿತ್ರಕಾರರ ಅಂಗಡಿಯ ಮಾತಾಗಿ, ಕಡಲು ದಾಟಿ ಬಂದದ್ದು. ಮೂಲದಲ್ಲಿ ಅದು ‘ಲಾಂಡ್‌ಸ್ಖಾಪ್’. ಅಲ್ಲಿನ ಕೊನೆಯ ಪ್ರತ್ಯಯ ನಮ್ಮ ‘ತನ’ದಂಥದು. ಜನ ಉತ್ತು ಬಿತ್ತು ಗಡಿ ಗುರುತಿಸಿ ಬಾಳುವ ಪ್ರದೇಶ ಎಂಬುದು ಅದರ ಹಳೆಯ ಅರ್ಥ. ಕಾಡನ್ನು ಕಡಿದು ಮಾಡಿದ್ದೇ ನಾಡು ಎನ್ನುವ ನಮ್ಮ ಹಿರಿಯರಿಗೆ ಈ ಅರ್ಥವನ್ನು ವಿವರಿಸಬೇಕಾಗುತ್ತಿರಲಿಲ್ಲ. ‘ನಾಡಚಿತ್ರ’ ಎಂಬ ಪದವನ್ನು ಟಂಕಿಸಿ ಚಲಾವಣೆಗೆ ಬಿಡುವ ಅಧಿಕಾರ ನನಗಿಲ್ಲ. ಆದರೆ ರುಮಾಲೆಯವರ ಕೃತಿಗಳಿಗೆ ಒಪ್ಪುವ ಪದ ಅದೇ ಎಂದು ತೋರುತ್ತದೆ.

ಡಚ್ಚರ ಹೆಸರು ಬಂದದ್ದರಿಂದ ಅವರಲ್ಲೊಬ್ಬನ ಮಾತನ್ನು ಹೇಳುವೆ. ಹದಿನೇಳನೆಯ ಶತಮಾನದಲ್ಲಿ ಆ ಪುಟ್ಟ ದೇಶದಲ್ಲಿ ಭೂದೃಶ್ಯವು ಪುರಾಣಕಥೆಗೆ ಹಿನ್ನೆಲೆಯಾಗಿರುವುದನ್ನು ಬಿಟ್ಟು ತಾನೇ ಕಥೆಯಾಯಿತು. ಗಾಡಿಯ ಜಾಡು, ಕಾಲುವೆ, ಒದ್ದೆ ಮರಳು, ಗಾಳಿಯಂತ್ರ ಇವುಗಳನ್ನು ನಂಬಿ ಒಂದು ಕಲಾಪರಂಪರೆಯೇ ಬೆಳೆಯಿತು. ಮೈಂಡರ್ಟ್ ಹೊಬ್ಬೆಮ ಎಂಬಾತ ಆ ಪರಂಪರೆಯವನು, ರೆಂಬ್ರಾಂಟನಂತೆ ಮನೆಮಾತಾದವನಲ್ಲ. 1638ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹುಟ್ಟಿ, ಯಾಕೊಬ್ ರೌಸ್‌ಡಾಲನಲ್ಲಿ ಕಲಿತು, ಮೂವತ್ತರ ಹೊತ್ತಿಗೆ ಒಳ್ಳೆಯ ಕೈ ಎನಿಸಿಕೊಂಡಿದ್ದ. 1668ರಲ್ಲಿ ಮದುವೆಯಾಯಿತು, ಅದೇ ವರ್ಷ, ಹೊರಗಿನಿಂದ ಬರುವ ದ್ರಾಕ್ಷಾರಸದ ಪೀಪಾಯಿಗಳ ಅಳತೆಯನ್ನು ಪರೀಕ್ಷಿಸುವ ಸುಂಕದ ನೌಕರಿಯೂ ಸಿಕ್ಕಿತು. ಅಲ್ಲಿಂದ ಅವನು ಚಿತ್ರ ಬರೆದದ್ದು ಬಹಳ ಕಡಮೆ. ಹೀಗಿದ್ದು, ಇಪ್ಪತ್ತೊಂದು ವರ್ಷಗಳ ಮೇಲೆ, 1689ರಲ್ಲಿ, ಈ ಸುಂಕದ ನೌಕರ ಒಂದು ಚಿತ್ರ ಬರೆದ. ಮಿಡೆಲ್‌ಹಾರ್ನಿಸ್ ಎಂಬ ಊರಿಗೆ ಹೋಗುವ ಸಾಲುಮರದ ದಾರಿಯ ಚಿತ್ರ ಅದು. ಇಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಅದರಲ್ಲಿ ಏನಿದೆಯೆಂದು ಕೇಳಿದರೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ನಟ್ಟನಡುವೆ ಒಂದು ಮಣ್ಣಿನ ದಾರಿ ನೇರವಾಗಿ ದೂರಕ್ಕೆ ಹೋಗುತ್ತದೆ. ಎರಡು ಕಡೆಯೂ ಸಣಕಲು ಮರಗಳು. ತುದಿಯಲ್ಲಿ ಮಾತ್ರ ಒಂದಿಷ್ಟು ಎಲೆ. ಒಬ್ಬ ನಾಯಿಯೊಡನೆ ನಮ್ಮ ಕಡೆಗೆ ನಡೆದು ಬರುತ್ತಿದ್ದಾನೆ. ಬಲಗಡೆಯ ತೋಟದಲ್ಲಿ ಒಬ್ಬ ಎಳೆಯ ಗಿಡಗಳನ್ನು ಸವರುತ್ತಿದ್ದಾನೆ. ಮಿಕ್ಕದ್ದೆಲ್ಲ ಆಕಾಶ. ಆ ಮರಗಳನ್ನು ನೆಟ್ಟದ್ದು 1664ರಲ್ಲಿ. ಆದುದರಿಂದ ಚಿತ್ರ ಬರೆಯುವಾಗ ಅವುಗಳಿಗೆ ಇಪ್ಪತ್ತೈದು ವರ್ಷ. ಊರಿರುವ ದ್ವೀಪವೋ, ಸಮುದ್ರಕ್ಕೆ ಕಟ್ಟೆ ಹಾಕಿ ನೀರನ್ನು ಹೊರಗೆ ತಳ್ಳಿ ಪಡೆದ ನೆಲ. ಎಂದರೆ ಹೊಬ್ಬೆಮ ಬರೆದದ್ದರಲ್ಲಿ, ಆಕಾಶವೊಂದನ್ನು ಬಿಟ್ಟರೆ, ಮನುಷ್ಯ ಮಾಡದ್ದು ಯಾವುದೂ ಇಲ್ಲ. ಆ ತೋಟಗಾರನನ್ನು ಚಿತ್ರದಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲವೆಂದು ನನಗೆ ಅನಿಸುತ್ತದೆ. ಹೊಬ್ಬೆಮನ ಕೀರ್ತಿ ಬೆಳೆದದ್ದು ಅವನು 1709ರಲ್ಲಿ ಸತ್ತು ಬಹುಕಾಲವಾದ ಮೇಲೆ. ಬೆಳೆಸಿದವರು ಹೆಚ್ಚಾಗಿ ಇಂಗ್ಲಿಷರು.

ಸುಂಕದ ನೌಕರನಿಗೂ ಪತ್ರಿಕಾ ಸಂಪಾದಕರಿಗೂ ಇರುವ ಹೋಲಿಕೆಯನ್ನು ಬಹಳ ದೂರ ಎಳೆಯುವುದು ನನ್ನ ಉದ್ದೇಶವಲ್ಲ. ಒಂದು ಮಾತು ಮಾತ್ರ ಇಬ್ಬರಿಗೂ ಸಲ್ಲುತ್ತದೆ: ಇಬ್ಬರೂ ಬರೆದದ್ದು ನೆಟ್ಟ ಮರಗಳನ್ನು. ಬೆಂಗಳೂರಿನ ಹೂಮರಗಳು ತಾವಾಗಿ ಬೆಳೆದವಲ್ಲ. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬಿಗಲ್ಲರು, ಒಂದು ಬಗೆಯ ಹೂ ಮುಗಿಯುವುದರೊಳಗೆ ಇನ್ನೊಂದು ಬಗೆ ಅರಳುವಂತೆ ಲೆಕ್ಕ ಹಾಕಿ ಬೀದಿಗಳಿಗೆ ಮರಗಳನ್ನು ಆರಿಸಿದರು. 1956ರಲ್ಲಿ ಇದೇ ಊರಿನಲ್ಲಿ ಅವರು ತೀರಿಕೊಂಡರು. ಅವರ ದಾರಿಯನ್ನು ಮುಂದುವರಿಸಿದವರಲ್ಲಿ ಎಂ. ಎಚ್. ಮರಿಗೌಡರು ಪ್ರಮುಖರು. ಟಬೆಬುಯವೂ ಜಕರಂಡವೂ ದಕ್ಷಿಣ ಅಮೆರಿಕ ಖಂಡದ ಕಡೆಯವು, ಗುಲ್‌ಮೊಹರ್ ಮಡಗಾಸ್ಕರಿನದು. ರುಮಾಲೆಯವರ ಚಿತ್ರಗಳಲ್ಲಿ ದೇಶೀಯವಾದದ್ದು ಏನಿದೆ, ಎಲ್ಲ ಪರದೇಶದ ಮರಗಳೇ ಎಂದು ಮೂಗು ಮುರಿಯುವವರಿದ್ದಾರೆ. ಖಾದಿ ಉಟ್ಟು ಸೆರೆಮನೆಗೆ ಹೋದ ಮನುಷ್ಯನಿಗೆ ದೇಶೀಯತೆಯ ಪಾಠ ಹೇಳಹೊರಡುವುದು ಸ್ವಲ್ಪ ಸಾಹಸದ ಕೆಲಸ. ಬೇರು ಬಿಟ್ಟು, ಇಲ್ಲಿನ ಕೆಂಪು ಮಣ್ಣನ್ನು ಉಂಡು, ಮೂರು ತಲೆಮಾರಿನ ಮಕ್ಕಳಿಗೆ ನೆರಳು ಕೊಟ್ಟ ಮರವನ್ನು ನಾಡಿನದೆಂದು ಒಪ್ಪಿಕೊಳ್ಳುವ ಔದಾರ್ಯ ಅವರಿಗಿತ್ತು. ಹೊರಗಿನಿಂದ ಬಂದು ನೆಲೆನಿಂತವರೇ ಹೆಚ್ಚಾಗಿರುವ ಮಾರತ್ತಹಳ್ಳಿಯಂಥ ಕಡೆ ಈ ಔದಾರ್ಯದ ಅರ್ಥ ಬೇಗ ತಿಳಿದೀತು.

ಇನ್ನು ಅವರ ಬರವಣಿಗೆಯ ರೀತಿ. ಜಲವರ್ಣದಲ್ಲಿಯೂ ತೈಲವರ್ಣದಲ್ಲಿಯೂ ಅವರಿಗೆ ಹಿಡಿತವಿತ್ತು. ಬಣ್ಣವನ್ನು ಉಜ್ಜಿ ಬೆರೆಸಿ ನುಣುಪುಗೊಳಿಸದೆ, ಚಿಕ್ಕ ಚಿಕ್ಕ ಕುಂಚಸ್ಪರ್ಶಗಳಾಗಿ ಒಂದರ ಪಕ್ಕದಲ್ಲಿ ಒಂದನ್ನು ಇಡುವುದು ಅವರ ಕ್ರಮ. ಹತ್ತಿರದಿಂದ ನೋಡಿದರೆ ಚುಕ್ಕೆ ಗೆರೆಗಳ ಗದ್ದಲ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗದ್ದಲವೆಲ್ಲ ಕೂಡಿಕೊಂಡು ಮರವಾಗುತ್ತದೆ. ಬೇಸಗೆಯ ಗುಲ್‌ಮೊಹರ್ ನಮ್ಮ ಕಣ್ಣಿಗೆ ಒಂದೇ ಕೆಂಪು. ಅವರ ಕಣ್ಣಿಗೆ ಅದು ಕಿತ್ತಳೆ, ಕುಂಕುಮ, ಕಡುಗೆಂಪು, ನಡುನಡುವೆ ಎಲೆಯ ಹಸುರು, ಕೆಳಗೆ ನೆಲದ ಮೇಲೆ ಉದುರಿದ ಪಕಳೆಗಳ ಇನ್ನೊಂದು ಕೆಂಪು. ನೆರಳನ್ನು ಕಪ್ಪಿನಿಂದ ತುಂಬಿಬಿಡುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ. ನೆರಳಿಗೂ ಬಣ್ಣವುಂಟೆಂದು ಬಲ್ಲವರು, ನೀಲಿ ನೇರಳೆಗಳಿಂದ ಅದನ್ನು ತುಂಬಿದರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯ ಬೆಳಗಿನ ಬೆಳಕಿಗೆ ಒಂದು ತಿಳಿತನವಿದೆ. ಲಾಲ್‌ಬಾಗು, ಕಬ್ಬನ್ ಉದ್ಯಾನಗಳ ಅವರ ಚಿತ್ರಗಳನ್ನು ನೋಡುವಾಗ ಅದು ಗುರುತು ಸಿಗುತ್ತದೆ. ಇದು ಮದರಾಸಿನ ಬೆಳಕಲ್ಲ, ಮುಂಬಯಿಯದೂ ಅಲ್ಲ ಎಂದು ಹೇಳಿಬಿಡಬಹುದು.

ಈ ಕುಂಚಸ್ಪರ್ಶಗಳನ್ನು ಕಂಡು ಅವರನ್ನು ವಾನ್ ಗೋನೊಡನೆ ಹೋಲಿಸುವುದು ರೂಢಿಯಾಗಿದೆ. ಹೋಲಿಸುವವರ ಉದ್ದೇಶ ಒಳ್ಳೆಯದೇ. ಆದರೆ ಹೊರಗಿನ ದೊಡ್ಡ ಹೆಸರನ್ನು ತಂದು ನಮ್ಮವರ ಕೊರಳಿಗೆ ತೂಗಹಾಕಿದ ಮೇಲೆ ನಾವು ಚಿತ್ರವನ್ನು ನೋಡುವುದನ್ನು ನಿಲ್ಲಿಸಿಬಿಡುತ್ತೇವೆ, ಹೆಸರೇ ಸಾಕಾಗುತ್ತದೆ. ವಾನ್ ಗೋ ಚಿತ್ರಕಾರನಾಗಿ ಬಾಳಿದ್ದು ಹತ್ತು ವರ್ಷ. 1890ರಲ್ಲಿ ಸತ್ತಾಗ ಅವನಿಗೆ ಮೂವತ್ತೇಳು. ಅವನ ಮರಗಳು ಗಾಳಿಯಿಲ್ಲದೆಯೂ ಹೊಯ್ದಾಡುತ್ತವೆ, ನೆಲ ಕುದಿಯುತ್ತದೆ. ರುಮಾಲೆಯವರು ಎರಡನೆಯ ಬಾರಿ ಕುಂಚ ಹಿಡಿದದ್ದೇ ಐವತ್ತರ ಆಚೆಗೆ. ಹೋರಾಟ, ಸೆರೆ, ಅಧಿಕಾರ, ಅದರ ನಿಸ್ಸಾರ, ಎಲ್ಲವನ್ನೂ ಕಂಡು ಬಂದ ಮನಸ್ಸು ಅದು. ಆ ಮರಗಳಲ್ಲಿ ತಳಮಳವಿಲ್ಲ. ಹಬ್ಬದ ದಿನ ಹಿರಿಯರ ಮುಖದಲ್ಲಿ ಕಾಣುವಂಥ ಗೆಲವಿದೆ. ಸ್ಪರ್ಶ ಒಂದೇ ಬಗೆಯದಿರಬಹುದು, ನಾಡಿಯ ಮಿಡಿತ ಬೇರೆ.

ಅವರ ಕೊರತೆಗಳನ್ನೂ ಹೇಳದಿದ್ದರೆ ಇದು ವಿಮರ್ಶೆಯಾಗದೆ ಸ್ತೋತ್ರವಾದೀತು. ಹೂವಿನ ಸಂಭ್ರಮದಲ್ಲಿ ಕೆಲವು ಕಡೆ ಮರದ ಎಲುಬು ಮುಚ್ಚಿಹೋಗುತ್ತದೆ. ರೆಂಬೆ ಎಲ್ಲಿ ಕಾಂಡವನ್ನು ಬಿಟ್ಟು ಹೊರಟಿತೆಂಬುದು ಗೊತ್ತಾಗುವುದಿಲ್ಲ. ಒಂದೇ ಕೋಣೆಯಲ್ಲಿ ಅವರ ಹಲವು ಚಿತ್ರಗಳನ್ನು ನೋಡಿದಾಗ, ಎಲ್ಲ ದಿನವೂ ಯುಗಾದಿಯೇ ಆದರೆ ಹೇಗೋ ಹಾಗೆ, ಕಣ್ಣು ಒಂದು ಬೋಳು ಕೊಂಬೆಗಾಗಿ ಹಂಬಲಿಸುತ್ತದೆ. ಊಟಿಯ ಮಂಜನ್ನು ಬರೆದ ವೆಂಕಟಪ್ಪನವರ ಜಲವರ್ಣಗಳಲ್ಲಿರುವ ಸಂಯಮ ಇಲ್ಲಿಲ್ಲ. ಇದ್ದಿದ್ದರೆ ಅವರು ರುಮಾಲೆಯವರಾಗುತ್ತಿರಲಿಲ್ಲ ಎಂಬುದೂ ನಿಜ.

ಹಾಗಾದರೆ ಇಂಥವರು ಮರೆಯಲ್ಲಿ ಉಳಿದದ್ದೇಕೆ? ಹೆಬ್ಬಾರರು ಇವರಿಗಿಂತ ಒಂದೇ ವರ್ಷ ಚಿಕ್ಕವರು, 1911ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಅವರು ಮುಂಬಯಿಗೆ ಹೋದರು. ಕಲೆಯ ಪೇಟೆಯೂ ವಿಮರ್ಶಕರೂ ಇದ್ದದ್ದು ಅಲ್ಲಿ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿ ಒಂದು ಪಂಥದ ಇತಿಹಾಸದೊಳಗೆ ಸೇರಿದರು. 1965ರಲ್ಲಿ ಅವರು ತೀರಿಕೊಂಡ ಮೇಲೆ ಸರ್ಕಾರ ಅವರ ಹೆಸರಿನಲ್ಲಿ ಚಿತ್ರಶಾಲೆಯನ್ನು ಕಟ್ಟಿಸಿತು. ರುಮಾಲೆಯವರಿಗೆ ಪಂಥವಿಲ್ಲ, ಪೇಟೆಯಿಲ್ಲ. ಅವರು ಮರಳಿ ಬಂದ ಕಾಲದಲ್ಲಿ ಬಯಲಲ್ಲಿ ನಿಂತು ಮರ ಬರೆಯುವುದು ಹಳೆಯ ಕಾಲದ ಹವ್ಯಾಸವೆಂದು ಹೊಸಬರಿಗೆ ತೋರುತ್ತಿತ್ತು. ಇದಕ್ಕಿಂತ ಆಳವಾದ ಕಾರಣವೂ ಒಂದುಂಟು. ನಮ್ಮ ಕಾವ್ಯದಲ್ಲಿ ನೆಲಕ್ಕೆ ದೊಡ್ಡ ಸ್ಥಾನವಿದೆ. ಹದಿನೆಂಟು ವರ್ಣನೆಗಳನ್ನು ವಿಧಿಸಿದ ಪರಂಪರೆ ನಮ್ಮದು. ಪಂಪನ ಬನವಾಸಿಯನ್ನೂ ಕುವೆಂಪು ಅವರ ಮಲೆನಾಡನ್ನೂ ಬಲ್ಲೆವು. ಚಿತ್ರದಲ್ಲಿ ಮಾತ್ರ ನೆಲ ಬಹುಕಾಲ ದೇವರ ಹಿಂದಿನ ಪರದೆಯಾಗಿಯೇ ಉಳಿಯಿತು. ಮೈಸೂರು ಶೈಲಿಯ ಚಿನ್ನದ ರೇಕಿನ ಪಟಗಳಲ್ಲಿ ಸಿಂಹಾಸನದ ಹಿಂದೆ ಒಂದು ಚೂರು ಆಕಾಶ ಸಿಕ್ಕರೆ ಅದೇ ಪುಣ್ಯ. ಕಥೆಯಿಲ್ಲದ, ದೇವರಿಲ್ಲದ, ಬರಿಯ ಮರವೊಂದರ ಚಿತ್ರವನ್ನು ನಮ್ಮವರು ಇಂದಿಗೂ ಕೋಣೆಯ ಅಲಂಕಾರವೆಂದೇ ಭಾವಿಸುತ್ತಾರೆ.

ಅಲಂಕಾರವೆಂದು ಭಾವಿಸಿದ್ದರ ಫಲವನ್ನು ಮಾರತ್ತಹಳ್ಳಿಯ ಆಸುಪಾಸಿನಲ್ಲಿ ಕಾಣಬಹುದು. ಸಮೀಪದ ವಿಭೂತಿಪುರದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1307ರ ಶಾಸನವೊಂದಿದೆ. ಕಾಡು ಕಡಿದು, ನೆಲ ಸಮಮಾಡಿ, ಊರು ಕಟ್ಟಿ, ಕೆರೆ ತೋಡಿದ ವಿಷಯ ಅದರಲ್ಲಿದೆ. ಡಚ್ಚರು ನೀರನ್ನು ಹೊರದಬ್ಬಿ ನೆಲ ಮಾಡಿದರು. ನಮ್ಮವರು ನೀರನ್ನು ತಡೆದು ನಿಲ್ಲಿಸಿ ನಾಡು ಮಾಡಿದರು. ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ ಎಂದು ಕೆರೆಯಿಂದ ಕೆರೆಗೆ ಹೆಣೆದ ಸರಪಣಿ ಅದು. 2015ರ ಮೇ ತಿಂಗಳಲ್ಲಿ ಯಮಲೂರಿನ ಬಳಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಆ ಚಿತ್ರವನ್ನು ಅಚ್ಚು ಹಾಕಿದವು. ಆ ಕೆರೆ ಕೆಡುವುದಕ್ಕೆ ಮೊದಲು ಹೇಗಿತ್ತು, ಏರಿಯ ಮೇಲೆ ಯಾವ ಮರಗಳಿದ್ದವು, ಸಂಜೆಯ ನೀರಿಗೆ ಯಾವ ಬಣ್ಣವಿತ್ತು ಎಂದು ಇಲ್ಲಿನ ಮಗುವೊಂದು ಕೇಳಿದರೆ ತೋರಿಸುವುದಕ್ಕೆ ಮನೆಮಾತಾದ ಒಂದು ಚಿತ್ರವೂ ಇಲ್ಲ. ಲಾಲ್‌ಬಾಗಿಗೆ ರುಮಾಲೆಯವರಿದ್ದರು. ಪೂರ್ವದ ಕೆರೆಗಳಿಗೆ ಅಂಥವರೊಬ್ಬರು ಒದಗಲಿಲ್ಲ.

ಮರ ಕಡಿಯುವುದಕ್ಕೆ ಮುಂಚೆ ಅಪ್ಪಣೆ ಬೇಕೆಂದು 1976ರ ಕಾಯಿದೆ ಹೇಳುತ್ತದೆ. ಅಪ್ಪಣೆಯ ಕಾಗದದಲ್ಲಿ ಮರಕ್ಕೆ ಒಂದು ಜಾತಿ, ಒಂದು ಸುತ್ತಳತೆ, ಒಂದು ಸಂಖ್ಯೆ ಇರುತ್ತದೆ. ರಸ್ತೆ ಅಗಲವಾಗಬೇಕು, ಮೆಟ್ರೋ ಬರಬೇಕು. ನಿತ್ಯ ಎರಡು ಗಂಟೆ ಹೊಗೆಯಲ್ಲಿ ಕುಳಿತು ದುಡಿಮೆಗೆ ಹೋಗುವವರ ಎದುರಿಗೆ ಇದನ್ನು ಅಲ್ಲಗಳೆಯುವುದು ಸುಲಭವಲ್ಲ, ನ್ಯಾಯವೂ ಅಲ್ಲ. ಆದರೆ ಸಂಖ್ಯೆಯನ್ನು ಕಳೆಯುವುದು ಸುಲಭ. ಚಿತ್ರದಲ್ಲಿ ನೋಡಿ ಗುರುತು ಹಿಡಿದ ಮರವನ್ನು ಕಳೆಯುವಾಗ ಕೈ ತುಸು ತಡೆಯುತ್ತದೆ. ಆ ತಡೆಯುವ ಗಳಿಗೆಯಲ್ಲಿ ರಸ್ತೆಯನ್ನು ನಾಲ್ಕು ಅಡಿ ಅತ್ತ ತಿರುಗಿಸುವ ಉಪಾಯ ಹೊಳೆದರೂ ಹೊಳೆಯಬಹುದು.

ರುಮಾಲೆಯವರ ಕೃತಿಗಳನ್ನು ರಾಜಾಜಿನಗರದಲ್ಲಿ ಅವರ ಹೆಸರಿನ ಕಲಾಗೃಹ ಕಾಪಾಡಿಕೊಂಡು ಬಂದಿದೆ. ಖಾಸಗಿಯಾದ ಅಭಿಮಾನದಿಂದ ನಡೆದ ಈ ಕೆಲಸ ದೊಡ್ಡದು. ಆದರೆ ಅಷ್ಟನ್ನೇ ನಂಬಿ ನಾಡು ಸುಮ್ಮನಿರುವುದು ಸರಿಯಲ್ಲ. ಜಲವರ್ಣ ಬೆಳಕಿಗೆ ಮಾಸುತ್ತದೆ, ಕಾಗದ ತೇವಕ್ಕೆ ಬೂಸು ಹಿಡಿಯುತ್ತದೆ, ದಪ್ಪಗೆ ಹಚ್ಚಿದ ತೈಲವರ್ಣ ಬಿರಿಯುತ್ತದೆ. ಒಂದೊಂದು ಚಿತ್ರವನ್ನೂ ಯಾವ ಸ್ಥಳದಲ್ಲಿ ನಿಂತು ಯಾವ ತಿಂಗಳಿನಲ್ಲಿ ಯಾವ ವರ್ಷ ಬರೆದದ್ದೆಂದು ತಿಳಿದಮಟ್ಟಿಗೆ ಗುರುತಿಸಿ, ಒಳ್ಳೆಯ ಪ್ರತಿಕೃತಿಗಳೊಡನೆ ಸಮಗ್ರವಾದ ಸೂಚಿಯೊಂದನ್ನು ವಿಶ್ವವಿದ್ಯಾಲಯವಾಗಲಿ ಅಕಾಡೆಮಿಯಾಗಲಿ ಅಚ್ಚು ಹಾಕಿಸಬೇಕು. ಅದು ಕಲಾಚರಿತ್ರೆಗೆ ಎಷ್ಟು ಬೇಕೋ ಸಸ್ಯಶಾಸ್ತ್ರದ ಅಧ್ಯಾಪಕರಿಗೂ ನಗರದ ಚರಿತ್ರೆ ಬರೆಯುವವರಿಗೂ ಅಷ್ಟೇ ಬೇಕು. ಇಂಥ ಮರ ಇಂಥ ಬೀದಿಯಲ್ಲಿ ಇಂಥ ವಾರ ಹೂ ಬಿಟ್ಟಿತ್ತೆಂಬುದಕ್ಕೆ ಬಣ್ಣದ ಸಾಕ್ಷಿ ಬೇರೆಲ್ಲಿ ಸಿಕ್ಕೀತು?

ಪ್ರತಿಕೃತಿಗಳಾದರೂ ಊರಿನ ಒಂದೇ ಕಡೆ ಇರಬೇಕೆಂದಿಲ್ಲ. ಮಾರತ್ತಹಳ್ಳಿಯ ಶಾಲೆಯ ಗೋಡೆಯ ಮೇಲೆ, ಬೆಳ್ಳಂದೂರಿನ ಗ್ರಂಥಾಲಯದಲ್ಲಿ, ಬಸ್ಸಿನ ನಿಲ್ದಾಣದಲ್ಲಿ ತಿಂಗಳಿಗೊಂದರಂತೆ ತೂಗಹಾಕಬಹುದು. ಚಿತ್ರಕಲೆಯ ಅಧ್ಯಾಪಕರು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ, ಗೋಡೆಯ ಮೇಲಿನ ಮರವನ್ನು ರಸ್ತೆಯ ಬದಿಯಲ್ಲಿ ಹುಡುಕಿಸಿ, ಅದರ ಕೆಳಗೆ ಕುಳಿತು ಬರೆಯಲು ಹೇಳಬಹುದು. ಕಾರ್ಯಕ್ರಮ ಪಟ್ಟಿಯನ್ನು ಕ್ರುಂಬಿಗಲ್ಲರು ಆಗಲೇ ಸಿದ್ಧಪಡಿಸಿಟ್ಟಿದ್ದಾರೆ: ಫೆಬ್ರವರಿಗೆ ಟಬೆಬುಯ, ಮಾರ್ಚಿಗೆ ಜಕರಂಡ, ಏಪ್ರಿಲ್ ಕಳೆಯುವುದರೊಳಗೆ ಗುಲ್‌ಮೊಹರ್.